ಕಾರಿನ ತಲೆಗೆ ರೊಟ್ಟಿ ಹಂಚು

ಮೊನ್ನೆಯಿಂದ ನಮ್ಮ ಮನೆಯಲ್ಲಿ ರೊಟ್ಟಿ ಬಂದ್. ಜೋಳದ ಹಿಟ್ಟಿದೆ, ಬಡಿಯಲು ಅವ್ವನ ಕೈ ಇದೆ, ಗೋಕಾಕದ ಸಂತೆಯಲ್ಲಿ ಕೊಂಡು ಹಳೇ ಸೀರೆಯಲ್ಲಿ ಸುತ್ತಿ ಡೆಟ್ರಾಯಿಟ್‌ವರೆಗೆ ಹೊತ್ತು ತಂದ ಕಬ್ಬಿಣದ ಹಂಚೂ ಇದೆ. ಆದರೆ ಹಂಚು ಒಲೆಯ ಮೇಲಿಲ್ಲ, ಕಾರಿನ ಮೇಲಿದೆ. ಇಳಿಸೋಣವೆಂದರೆ ಮಾವನವರು ಬಿಡುವುದಿಲ್ಲ. "ಸಿಗ್ನಲ್ ಹಿಡದೈತಿ ತಂಗಿ, ಮುಟ್ಟಬ್ಯಾಡ."

ಅವ್ವನ ತವರು ಮೂಡಲಗಿ, ಮಾವನವರದು ಹುಕ್ಕೇರಿ. ಬೀಗರಿಬ್ಬರನ್ನೂ ಒಂದೇ ಬೇಸಿಗೆಗೆ, ಒಂದೇ ಸೂರಿನ ಕೆಳಗೆ ಕರೆಸುವ ಎದೆಗಾರಿಕೆ ತೋರಿಸಿದವರು ನನ್ನ ಯಜಮಾನರು. ಟಿಕೆಟ್ ಅಗ್ಗಕ್ಕೆ ಸಿಕ್ಕಿತಂತೆ.

ಜಗಳದ ಮೂಲ ನಮ್ಮ ಸೆಕೆಂಡ್‌ಹ್ಯಾಂಡ್ ಕಾರಿನ ಜೊತೆಗೇ ಬಂದ ಸ್ಯಾಟಲೈಟ್ ರೇಡಿಯೋ. ಡ್ಯಾಶ್‌ಬೋರ್ಡಿಗೆ ಅಂಟಿಸಿದ ಒಂದು ಪೆಟ್ಟಿಗೆ, ಅದಕ್ಕೊಂದು ಆಯಸ್ಕಾಂತದ ಬುಡವಿರುವ ಪುಟ್ಟ ಆಂಟೆನಾ. ಅದರಲ್ಲಿ ಕನ್ನಡ ಇಲ್ಲ. ಹಾಗಾಗಿ ಎಲ್ಲರಿಗೂ ಸಮಾನ ದೂರದಲ್ಲಿರುವ ಅಮೆರಿಕದ ಹಳ್ಳಿ ಹಾಡುಗಳ ಚಾನೆಲ್ಲು ಹಾಕಿಟ್ಟಿರುತ್ತೇವೆ. ಹಿಂದಿನ ಸೀಟಿಗೆ ದನಿ ಸಾಲದೆಂಬ ದೂರೊಂದನ್ನು ಬಿಟ್ಟರೆ ಅವ್ವನಿಗೆ ಅದು ಹಿಡಿಸಿಬಿಟ್ಟಿದೆ. "ಇಂವಾ ಪಾರಿಜಾತದಾಗಿನ ಭಾಗವತನ ಗತೆ ಮೂಗಿನ್ಯಾಗ ಹಾಡತಾನ ನೋಡು" ಎಂದು ತಲೆದೂಗುತ್ತಾಳೆ. ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಹೆಸರಾದ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮನವರ ಸೀಮೆಯಿಂದ ಬಂದವಳು. ಅಲ್ಲಿ ಒಂದು ಹೂವಿನ ಸಲುವಾಗಿ ಸತ್ಯಭಾಮೆ ಬೆಳಗಾಗುವ ತನಕ ಮುನಿಸಿಕೊಂಡರೂ ಜನ ಎದ್ದು ಹೋಗುವುದಿಲ್ಲ.

ಮಾವನವರಿಗೆ ಹಾಡು ಮುಖ್ಯವಲ್ಲ, ಲೈನು ಮುಖ್ಯ. ಅವರು ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಲ್ಲಿ ಲೈನ್‌ಮನ್ ಆಗಿದ್ದವರು. 1969ರಲ್ಲಿ ಹುಟ್ಟಿದ ಸಂಘ ಅದು. ಊರಿಗೆ ಕರೆಂಟು ಕೊಡುವುದು ಸರ್ಕಾರವಲ್ಲ, ಊರವರದೇ ಸಂಘ ಎಂಬ ಹೆಮ್ಮೆಯನ್ನು ಅವರು ಮಿಷಿಗನ್ನಿನ ಪ್ರತಿ ಕಂಬದ ಎದುರೂ ನಿಂತು ಹೇಳುತ್ತಾರೆ. ಸೇತುವೆಯ ಕೆಳಗೆ ಹಾದಾಗ, ದಟ್ಟ ಮರಗಳ ರಸ್ತೆಯಲ್ಲಿ, ಹಾಡು ಗಕ್ಕನೆ ನಿಂತರೆ ಅವರ ಮೈಯಲ್ಲಿ ನೌಕರಿ ಮರಳಿ ಜಾಗೃತವಾಗುತ್ತದೆ. "ಎಲ್ಲೋ ಲೂಜ್ ಐತಿ."

ಯಜಮಾನರು ಎಂಜಿನಿಯರ್, ಸುಮ್ಮನಿರಬಹುದಿತ್ತು. ಇರಲಿಲ್ಲ. ಉಪಗ್ರಹ ಇರುವುದು ಸುಮಾರು 36 ಸಾವಿರ ಕಿಲೋಮೀಟರ್ ಮೇಲೆ, ದಕ್ಷಿಣದ ಆಕಾಶದಲ್ಲಿ. ಅದರ ಅಲೆ ಎಲೆಯನ್ನೂ ಕಾಂಕ್ರೀಟನ್ನೂ ದಾಟಲಾರದು. ಸಿಗ್ನಲ್ ಜೋರಾದರೆ ಹಾಡು ಕಡಿಯುವುದಿಲ್ಲ ಅಷ್ಟೇ, ದನಿಯೇನೂ ಚೆಂದವಾಗುವುದಿಲ್ಲ. ಸಿ.ಡಿ.ಯಲ್ಲಿ ಒಂದು ಸೆಕೆಂಡಿಗೆ 1,411 ಕಿಲೋಬಿಟ್ ಹರಿದರೆ ಇಲ್ಲಿ ಅದರ ಚೂರು ಮಾತ್ರ, ಏಕೆಂದರೆ ನೂರಾರು ಚಾನೆಲ್ಲುಗಳನ್ನು ಒಂದೇ ಸಂದಿಯಲ್ಲಿ ತುರುಕಿದ್ದಾರೆ. ಮೇಲಾಗಿ ಈ ಪೆಟ್ಟಿಗೆ ಆ ದನಿಯನ್ನು ಮತ್ತೆ ಎಫ್.ಎಂ. ಮಾಡಿ ಕಾರಿನ ರೇಡಿಯೋಗೆ ದಾಟಿಸುತ್ತದೆ. ಪಕ್ಕದಲ್ಲೇ ಊರಿನ ಎಫ್.ಎಂ. ಸ್ಟೇಷನ್ ಇದ್ದರೆ ಸೊರಸೊರ ತಪ್ಪದು.

ಮಾವನವರು ಎಲ್ಲವನ್ನೂ ಕೇಳಿ, "ಹಂಗಾರ ಧಾರವಾಡ ಸ್ಟೇಷನ್ನು 765ರಾಗ ನಮ್ಮ ಪಂಪಿನ ಮನಿತನಕಾ ಹೆಂಗ ಬರತಿತ್ತು? ಬಾಳಪ್ಪ ಹುಕ್ಕೇರಿ ಹಾಡಿದ್ರ ಎತ್ತು ನಿಲ್ಲತಿದ್ವು. ನಮ್ಮೂರಾಂವ!" ಎಂದರು.

"ಅವರ ಅಡ್ಡಹೆಸರು ಹುಕ್ಕೇರಿ ರೀ ಬೀಗರ, ಊರು ಮುರಗೋಡ" ಎಂದಳು ಅವ್ವ ಹಿಂದಿನ ಸೀಟಿನಿಂದ. ಆಮೇಲೆ ಮನೆ ಬರುವವರೆಗೂ ಕಾರಿನಲ್ಲಿ ಅಮೆರಿಕದ ಭಾಗವತ ಒಬ್ಬನೇ ಹಾಡಿದ.

ಮಾವನವರ ಸೋದರಳಿಯ ಬೆಂಗಳೂರಿನಲ್ಲಿ ಹಿಂದೆ ವರ್ಲ್ಡ್‌ಸ್ಪೇಸ್ ಇಟ್ಟುಕೊಂಡಿದ್ದ. 2000ದಲ್ಲಿ ಹಾರಿದ ಏಷ್ಯಾಸ್ಟಾರ್ ಉಪಗ್ರಹದ ರೇಡಿಯೋ. ಅದರಲ್ಲಿ 'ಸ್ಪರ್ಶ' ಎಂಬ ಕನ್ನಡ ಚಾನೆಲ್ಲೇ ಇತ್ತು. 2009 ಮುಗಿಯುವಾಗ ನಮ್ಮ ದೇಶದಲ್ಲಿ ಅದೂ ಮುಗಿಯಿತು. ಆ ಆಂಟೆನಾವನ್ನು ಕಿಟಕಿಯಲ್ಲಿ ಆಕಾಶಕ್ಕೆ ಮುಖ ಮಾಡಿ ಕೂರಿಸಿದ್ದನ್ನು ಮಾವನವರು ಕಣ್ಣಾರೆ ಕಂಡಿದ್ದರು. ಈ ಅನುಭವದ ಬಲದ ಮೇಲೆ ಮರುದಿನ ಬೆಳಿಗ್ಗೆ ಕೆಲಸ ಶುರುವಾಯಿತು.

ಆಂಟೆನಾ ಡ್ಯಾಶ್‌ಬೋರ್ಡಿನ ಮೇಲಲ್ಲ, ಮಾಡಿನ ಮೇಲಿರಬೇಕು, ಕೆಳಗೆ ಲೋಹದ ಹಾಳೆ ಬೇಕು. ಇದು ನಿಜವೇ, ಕೈಪಿಡಿಯಲ್ಲೂ ಹಾಗೇ ಇದೆ. ಆದರೆ ನಮ್ಮ ಕಾರಿನ ತಲೆ ಪೂರಾ ಗಾಜು. ಮಾವನವರು ಅಡಿಗೆ ಮನೆಗೆ ಬಂದು ಒಂದು ಸ್ಟೀಲ್ ತಾಟು ಒಯ್ದರು. ನನ್ನ ಮದುವೆಗೆ ಅವ್ವ ಹೆಸರು ಕೆತ್ತಿಸಿ ಕೊಟ್ಟಿದ್ದು. ಆಯಸ್ಕಾಂತ ಅದಕ್ಕೆ ಅಂಟಲಿಲ್ಲ. ಅವರು ತಾಟನ್ನು ತಿರುವಿ ಮುರುವಿ ನೋಡಿ, "ಇದು ಕಬ್ಬಿಣಾನ ಅಲ್ಲ" ಎಂದಿದ್ದಷ್ಟೇ.

ಅವ್ವನ ಕಿವಿಗೆ ಬಿದ್ದದ್ದು ಬೇರೆ: ನೀವು ಕೊಟ್ಟ ಸಾಮಾನು ಖೋಟಾ!

ಯಜಮಾನರು ಬೆಂಕಿ ಆರಿಸಲು ಹೋದರು. ನಿಕ್ಕಲ್ ಬೆರೆತ ಒಳ್ಳೇ ಸ್ಟೀಲಿಗೆ ಆಯಸ್ಕಾಂತ ಹಿಡಿಯುವುದಿಲ್ಲ ಅತ್ತೀ, ಅಂಟಲಿಲ್ಲವೆಂದರೆ ಮಾಲು ಖೋಟಾ ಎಂದೇನೂ ಅಲ್ಲ, ಚಲೋನೇ ಇರಬಹುದು ಎಂದರು. ಇಷ್ಟು ಸಾಕಾಯಿತು. ಅವ್ವ ಫ್ರಿಜ್ಜಿನ ಮೇಲಿನ ಮ್ಯಾಕಿನಾ ಸೇತುವೆಯ ಚಿತ್ರದ ಆಯಸ್ಕಾಂತ ಕಿತ್ತುಕೊಂಡು ಇಡೀ ಅಡಿಗೆ ಮನೆ ತಪಾಸಣೆಗೆ ಇಳಿದಳು. ತಾನು ಕೊಟ್ಟ ತಂಬಿಗೆ: ಅಂಟಲಿಲ್ಲ. ತಾನು ಕೊಟ್ಟ ಪರಾತ: ಅಂಟಲಿಲ್ಲ. ಹುಕ್ಕೇರಿ ಕಡೆಯಿಂದ ಬಂದ ಡಬ್ಬಿ: ಟಪ್! ಹುಕ್ಕೇರಿಯ ಸೌಟು: ಟಪ್! ಪ್ರತಿ ಟಪ್ಪಿಗೂ ಒಮ್ಮೆ ಹೊರಗೆ ಇಣುಕಿ, "ಕೇಳಸ್ತೇನ್ರೀ ಬೀಗರ?" ಆ ಮನೆಯಲ್ಲಿ ಅಂದು ಅಷ್ಟು ಸ್ವಚ್ಛವಾಗಿ ಕೇಳಿಸಿದ ದನಿ ಇನ್ನೊಂದಿಲ್ಲ.

ಮಾವನವರು ಮಾತಾಡಲಿಲ್ಲ. ಒಲೆಯ ಪಕ್ಕ ಒರಗಿದ್ದ ಹಂಚನ್ನು ಎತ್ತಿಕೊಂಡು ಹೋದರು. ಅದಕ್ಕೆ ಆಂಟೆನಾ ಎಂಥಾ ಹಿಡಿತ ಹಿಡಿಯಿತೆಂದರೆ ಕೀಳಲು ಎರಡು ಕೈ ಬೇಕಾಯಿತು. ಹಂಚನ್ನು ಗಾಜಿನ ಮೇಲೆ ಮಲಗಿಸಿ, ಧೋತರದ ಅಂಚು ಹರಿದು ಆಚೀಚೆಯ ಕಂಬಿಗೆ ಬಿಗಿದು, ಗಂಟನ್ನು ಕಂಬ ಹತ್ತುವವರ ಗಂಟಿನಂತೆಯೇ ಹಾಕಿ ಇಳಿದರು. ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿದವು. ಎಪ್ಪತ್ತು ದಾಟಿದ ಮನುಷ್ಯ ಆ ಗೆರೆಗಳನ್ನು ನೋಡುತ್ತ ನಿಂತ ಪರಿ ನೋಡಿ ಹಂಚು ಕೇಳಲು ನನಗೂ ಬಾಯಿ ಬರಲಿಲ್ಲ.

ಆ ಅವತಾರದಲ್ಲೇ ಕನ್ನಡ ಕೂಟದ ಪಿಕ್ನಿಕ್ಕಿಗೆ ಹೋದೆವು, ಮೆಲ್ಲಗೆ, ಹೆದ್ದಾರಿ ಬಿಟ್ಟು. ಮೈಸೂರು ಕಡೆಯವರೊಬ್ಬರು ಕಾರನ್ನು ಸುತ್ತು ಹಾಕಿ, "ಏನ್ರೀ, ಬಿಸಿಲಲ್ಲೇ ದೋಸೆ ಹಾಕ್ತೀರಾ?" ಎಂದರು. ಮನೆಯಲ್ಲಿ ಬೀಗರ ಮೇಲೆ ಕತ್ತಿ ಮಸೆಯುತ್ತಿದ್ದ ಅವ್ವ ಅಲ್ಲಿ ಒಮ್ಮೆಗೇ ಪಕ್ಷಾಂತರ ಮಾಡಿದಳು: "ದ್ವಾಸಿ ಅಲ್ಲ ಬಿಡ್ರಿ. ನಮ್ಮ ಬೀಗರು ಉಪಗ್ರಹ ಹಿಡದಾರ!"

ಹಾಡು ಕಡಿಯುವುದು ನಿಂತಿತು, ಸೊರಸೊರ ನಿಲ್ಲಲಿಲ್ಲ. ಯಜಮಾನರು ಒಂದು ಆಕ್ಸ್ ಕೇಬಲ್ ತಂದು ಪೆಟ್ಟಿಗೆಯನ್ನು ನೇರವಾಗಿ ಕಾರಿಗೆ ಚುಚ್ಚಿದರು. ಎಫ್.ಎಂ. ದಾರಿ ತಪ್ಪಿತು, ದನಿ ತಿಳಿಯಾಯಿತು. ಮುಂದೆ ಕೂತ ಮಾವನವರೂ ಒಪ್ಪಿದರು. ಅವ್ವ ಮಾತ್ರ, "ಬೀಗರಿಗೆ ಪೂರಾ, ನನಗ ಚೂರು. ಹಿಂದ ಏನೂ ಕೇಳೂದಿಲ್ಲ" ಎಂದು ಹಳೇ ರಾಗ ಬಿಡಲಿಲ್ಲ. ಕಿವಿ ತೋರಿಸೋಣ ಎಂಬ ಮಾತೂ ಬಂತು. ಕೊನೆಗೆ ಸೆಟ್ಟಿಂಗ್ ಕೆದಕಿದರೆ ಫೇಡರ್ ಪೂರ್ತಿ ಮುಂದಕ್ಕೆ ತಳ್ಳಿದೆ, ಹಿಂದಿನ ಸ್ಪೀಕರುಗಳಿಗೆ ಹನಿ ದನಿಯಿಲ್ಲ! ಅಜ್ಜಿಯ ಪಕ್ಕ ಕೂರುವ ಹದಿಮೂರರ ಮಗಳು ಕಿಟಕಿಯಾಚೆ ನೋಡುತ್ತಿದ್ದಳು. ಮೂಗಿನಲ್ಲಿ ಹಾಡುವವನಿಂದ ತಪ್ಪಿಸಿಕೊಳ್ಳಲು ಬೇಸಿಗೆ ರಜೆಯ ಮೊದಲ ದಿನವೇ ಮಾಡಿದ ಕೆಲಸವಂತೆ. ಮೂಡಲಗಿ-ಹುಕ್ಕೇರಿ ಯುದ್ಧದುದ್ದಕ್ಕೂ ಒಂದು ಮಾತಾಡಿಲ್ಲ ಪುಣ್ಯಾತ್ಗಿತ್ತಿ!

ನಾನು ಬಾಯಿ ತೆರೆಯುವುದರೊಳಗೆ ಅವ್ವ, "ಕೂಸಿಗೇನ ತಿಳಿತೈತಿ ಬಿಡು. ಆ ಹಾಡು ನನಗೂ ಅಷ್ಟೇನ ಸೇರತಿರಲಿಲ್ಲ" ಎಂದಳು. ಮಾವನವರು ಮೊಮ್ಮಗಳ ಬೆನ್ನು ತಟ್ಟಿ, "ಲೈನ್ ಕಟ್ ಮಾಡಿದ್ದು ಗೊತ್ತಾಗಧಂಗ ಮಾಡೀದಿ, ಭಲೇ" ಎಂದರು. ಬೈಯಲು ನನಗೆ ಯಾರೂ ಉಳಿಯಲಿಲ್ಲ.

ಹಂಚು ಇನ್ನೂ ಮೇಲೇ ಇದೆ. ಮುಂದಿನ ತಿಂಗಳು ನಾದಿನಿ ಬರುತ್ತಾಳೆ. ನಿನ್ನೆ ರಾತ್ರಿ ಮಾವನವರು ಹುಕ್ಕೇರಿಗೆ ಫೋನ್ ಹಚ್ಚಿ, ಸಣ್ಣ ಹಂಚು ಬೇಕು, ನಡುವೆ ತಗ್ಗಿರಬಾರದು, ಅಂಚು ಸಪಾಟಿರಬೇಕು ಎಂದು ಅಳತೆ ಹೇಳುತ್ತಿದ್ದರು. ಅವ್ವ ಅಡಿಗೆ ಮನೆಯಿಂದಲೇ ಕೂಗಿದಳು:

"ಆಯಸ್ಕಾಂತ ಹಚ್ಚಿ ನೋಡಿ ತರಾಕ ಹೇಳ್ರಿ ಬೀಗರ!"