ಕಾಣದ ಕವಚ

ಸಿಯಾಟಲಿನಲ್ಲಿ ಮಳೆ ವಿಪರೀತವೆಂದು ಮಗನು ಪ್ರತಿ ಭಾನುವಾರವೂ ಫೋನಿನಲ್ಲಿ ಗೋಳಾಡುತ್ತಿದ್ದುದನ್ನು ನಂಬಿ, ಆಗುಂಬೆಯ ಮಗ್ಗುಲಲ್ಲಿ ಹುಟ್ಟಿ ಬೆಳೆದ ನಾನೂ ಒಂದು ಕೊಡೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿ ವಿಚಾರಿಸಿದರೆ, ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 38 ಅಂಗುಲ, ಅಂದರೆ ಬೆಂಗಳೂರಿಗೆ ಬೀಳುವಷ್ಟೇ ಎಂದು ತಿಳಿದು, ಮಗನ ಪೌರುಷದ ವಿಷಯದಲ್ಲಿ ನನಗೆ ಸ್ವಲ್ಪ ಸಂದೇಹವುಂಟಾಯಿತು. ಆದರೆ ಅಷ್ಟು ನೀರನ್ನೇ ಅಲ್ಲಿಯ ಆಕಾಶವು, ಜಿಪುಣನು ತುಪ್ಪ ಬಡಿಸಿದಂತೆ, ಸುಮಾರು 150 ದಿನಗಳಿಗೆ ಹನಿಹನಿಯಾಗಿ ಹಂಚುವುದರಿಂದ, ಹೊರಗಿರುವ ಮರಕ್ಕೆ ಚಳಿಗಾಲವಿಡೀ ಒಣಗುವ ಯೋಗವಿಲ್ಲ. ಬೇಸಗೆಯಲ್ಲಾದರೋ ರಾತ್ರಿ ಒಂಬತ್ತಾದರೂ ಮುಳುಗಲೊಲ್ಲದ ಸೂರ್ಯನು ಅದನ್ನು ಬಾಡಿಸುತ್ತಾನೆ.

ಈ ಉಭಯಸಂಕಟಕ್ಕೆ ಸಿಕ್ಕಿದ್ದುದು ಮಗನ ಮನೆಯ ದಕ್ಷಿಣಾಭಿಮುಖವಾದ ಸೀಡರ್ ಬಾಗಿಲು. ಸೀಡರೆಂದರೆ ದೇವದಾರುವೆಂದು ನಿಘಂಟನ್ನು ನಂಬಿದ್ದ ನಾನು ಅದಕ್ಕೆ ಭಕ್ತಿಯಿಂದ ಕೈಮುಗಿದೆನಾದರೂ, ಅಲ್ಲಿಯ ಕೆಂಪು ಸೀಡರು ಹಿಮಾಲಯದ ದೇವದಾರುವಿನ ದಾಯಾದಿಯೂ ಅಲ್ಲ, ಸೈಪ್ರೆಸ್ ಕುಲಕ್ಕೆ ಸೇರಿದ್ದು, ಹೆಸರನ್ನು ಮಾತ್ರ ಎರವಲು ತಂದದ್ದು ಎಂದು ಆಮೇಲೆ ತಿಳಿಯಿತು. ಗುಣದಲ್ಲೇನೋ ಕುಲೀನವೇ: ತನ್ನೊಳಗಿನ ಸಾರದ ಬಲದಿಂದ ಬೇಗನೆ ಕೊಳೆಯದು, ಹಗುರ, ಸುವಾಸನೆಯುಳ್ಳದ್ದು. ಕಬ್ಬಿಣದ ಮೊಳೆ ಹೊಡೆದಲ್ಲಿ ಮಾತ್ರ ಕಪ್ಪು ಕಣ್ಣೀರು ಇಳಿದಿತ್ತು. ಅಳಲೆಕಾಯಿಗೆ ಅನ್ನಭೇದಿ ಬೆರೆಸಿ ಮಸಿ ಮಾಡುತ್ತಿದ್ದ ನಮ್ಮ ಅಜ್ಜನವರಿಗೆ ಇದರ ಕಾರಣವನ್ನು ಯಾರೂ ಹೇಳಬೇಕಾಗಿರಲಿಲ್ಲ, ಒಗರೂ ಕಬ್ಬಿಣವೂ ಕೂಡಿದರೆ ಮಸಿಯಾಗದೆ ಇನ್ನೇನಾದೀತು!

ಲೇಪವಿರಬೇಕು, ಆದರೆ ಇದೆಯೆಂದು ಕಾಣಕೂಡದು ಎಂಬುದು ಸೊಸೆಯ ಅಪ್ಪಣೆ. ಇದ್ದೂ ಇಲ್ಲದಂತಿರುವ ಇಂಥ ಪದಾರ್ಥವನ್ನು ಸದಸದ್ವಿಲಕ್ಷಣವೆಂದು ಕರೆದು ವೇದಾಂತಿಗಳು ಸುಮ್ಮನಾದರು. ಅಂಗಡಿಯವನು ಅದನ್ನು ಡಬ್ಬಿಯಲ್ಲಿ ತುಂಬಿ ಮಾರುತ್ತಿದ್ದನು. ಹಡಗಿನ ಕೂವೆಮರಗಳಿಗೆಂದೇ ಹುಟ್ಟಿದ ಸ್ಪಾರ್ ವಾರ್ನಿಷು, ಮರವು ಹಿಗ್ಗಿದಾಗ ತಾನೂ ಹಿಗ್ಗಿ, ಕುಗ್ಗಿದಾಗ ತಾನೂ ಕುಗ್ಗಿ ಆದರ್ಶ ದಾಂಪತ್ಯವನ್ನು ನಡೆಸುವುದೆಂದು ಡಬ್ಬಿಯ ಮೇಲೆ ಬರೆದಿದ್ದುದು ಸುಳ್ಳಲ್ಲ. ಆದರೆ ಹಿಂದಿನ ವರ್ಷ ಮಗನು ಬಳಿದಿದ್ದ ಅದೇ ವಾರ್ನಿಷು ಹಾವಿನ ಪೊರೆಯಂತೆ ಬಾಗಿಲಿನಿಂದ ಸುಲಿದು ಬರುತ್ತಿತ್ತು. ನಮ್ಮ ಕಣ್ಣಿಗೆ ದಾರಿ ಬಿಟ್ಟ ಲೇಪವು ಬಿಸಿಲಿನ ಅತಿನೇರಳೆ ಕಿರಣಗಳಿಗೂ ಬಹುಮಟ್ಟಿಗೆ ದಾರಿ ಬಿಡುತ್ತದೆ. ಅವನ್ನು ತಡೆಯಲೆಂದು ಬೆರೆಸಿದ ರಾಸಾಯನಿಕಗಳೂ ಬರಬರುತ್ತ ಸವೆದುಹೋಗುತ್ತವೆ. ಒಳಹೊಕ್ಕ ಕಿರಣಗಳು ಮರದ ನಾರುಗಳನ್ನು ಬಂಧಿಸಿಟ್ಟಿರುವ ಲಿಗ್ನಿನ್ನನ್ನು ಶಿಥಿಲಗೊಳಿಸಲು, ಲೇಪವು ಗಟ್ಟಿಯಾಗಿಯೇ ಇದ್ದರೂ ಅದು ಹಿಡಿದುಕೊಂಡಿದ್ದ ನೆಲವೇ ಕುಸಿಯುತ್ತದೆ. ಕಿರಣಗಳನ್ನು ತಡೆಯಬಲ್ಲದ್ದು ಬಣ್ಣದ ಕಣ. ಬಣ್ಣ ಹೆಚ್ಚಿದಷ್ಟೂ ರಕ್ಷೆ ಹೆಚ್ಚು, ಮರವು ಕಾಣುವುದು ಕಡಮೆ.

ಹಾಗಿದ್ದರೆ ನಮ್ಮ ಕಡೆ ತೊಲೆಗಳಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯೇ ಶ್ರೇಷ್ಠವೆಂದು ನಾನು ಸೂಚಿಸಿದೆನು. ಅದರ ಕಪ್ಪನ್ನೂ ಘಾಟನ್ನೂ ಬಾಲ್ಯದಿಂದ ಬಲ್ಲ ಮಗನು ಆ ಮಾತನ್ನು ಸೊಸೆಗೆ ತಲುಪಿಸಲಿಲ್ಲ. ಕೊನೆಗೆ, ಮರದ ಮೇಲೆ ಪೊರೆ ಕಟ್ಟದೆ ಒಳಕ್ಕಿಳಿಯುವ, ತೆಳುವಾಗಿ ಜೇನಿನ ಬಣ್ಣ ಬೆರೆತ ಒಂದು ಎಣ್ಣೆಯ ಮೇಲೆ ಸಂಧಾನವಾಯಿತು. ಹಳೆಯ ವಾರ್ನಿಷನ್ನು ಉಜ್ಜಿ ತೆಗೆಯುವುದರಲ್ಲಿ ಎರಡು ದಿನ ಕಳೆದವು. ಬಳಿದದ್ದು ಒಂದು ಗಂಟೆ.

ಅಗಸೆಯೆಣ್ಣೆ ಬೆರೆತ ಅದನ್ನು ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆದರೆ, ಎಣ್ಣೆಯು ಒಣಗುತ್ತ ತಾನಾಗಿ ಬಿಸಿಯೇರಿ ಬೆಂಕಿ ಹೊತ್ತಿಕೊಳ್ಳಬಹುದೆಂದು ಡಬ್ಬಿಯಲ್ಲಿ ಎಚ್ಚರಿಕೆಯಿತ್ತಾದುದರಿಂದ, ನಾನು ಮೂರು ಚಿಂದಿಗಳನ್ನು ಒಂದಕ್ಕೊಂದು ತಾಗದಂತೆ ಅಂಗಳದ ತಂತಿಯ ಮೇಲೆ ಹರವಿದೆನು. ಐವತ್ತು ವರ್ಷಗಳ ದಾಂಪತ್ಯದಲ್ಲಿ ಒಮ್ಮೆಯೂ ಮಡಿಬಟ್ಟೆ ಹರವದ ನನ್ನನ್ನು ಆ ಸ್ಥಿತಿಯಲ್ಲಿ ಕಂಡ ನನ್ನಾಕೆ, "ಈ ಊರಿನ ನೀರೇ ಬೇರೆ" ಎಂದಳು.

ಬಾಗಿಲು ಹೊಳೆಯದೆ, ಬೆಚ್ಚಗೆ ಕಾಣುತ್ತಿತ್ತು. ಈ ಎಣ್ಣೆ ಎಷ್ಟು ಕಾಲ ಬಾಳುವುದೆಂದು ಕೇಳಿದೆನು.

"ಎರಡು ವರ್ಷಕ್ಕೊಮ್ಮೆ ಇನ್ನೊಂದು ಕೈ ಬಳಿಯಬೇಕಂತೆ, ಅಪ್ಪಯ್ಯ."

"ಅದನ್ನು ಬಳಿಯುವವರು ಯಾರು?"

ಮಗನು ಬಾಗಿಲ ಚಿಲಕವನ್ನು ಬಹು ಆಸಕ್ತಿಯಿಂದ ಪರೀಕ್ಷಿಸತೊಡಗಿದನು.

"ನಿಮ್ಮ ವೀಸಾ ಹತ್ತು ವರ್ಷಕ್ಕಿದೆಯಲ್ಲ ಮಾವ" ಎಂದಳು ಸೊಸೆ.