ಮೀಸೆ ಮಣ್ಣಾಗಲಿಲ್ಲ, ಸರಿ, ಬೆನ್ನು?

ಹಿರೀಸಾವೆಯ ಹೆದ್ದಾರಿ ಬದಿ, ಟೀ ಅಂಗಡಿ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಟ್ರೈಲರ್ ತುಂಬ ಯಾವುದೋ ಜಾತ್ರೆಯ ಕುಸ್ತಿಗೆ ಹೊರಟ ಕೆಮ್ಮಣ್ಣು. ಜರಡಿ ಹಿಡಿದು, ಅರಿಸಿನ, ಎಣ್ಣೆ, ಮಜ್ಜಿಗೆ ಕಲಸಿದ ಮಣ್ಣು ಘಮ್ಮೆನ್ನುತ್ತಿತ್ತು. ಡ್ರೈವರ್ ಟೀ ಮುಗಿಸುವಷ್ಟರಲ್ಲಿ ನಡೆದ ಮಾತುಕತೆ:

ಚುನಾವಣೆ ಬಂತೆಂದರೆ ಪತ್ರಿಕೆ ತುಂಬ ನಿಮ್ಮದೇ ಮಾತು. ಅಖಾಡಕ್ಕಿಳಿದರು, ತೊಡೆ ತಟ್ಟಿದರು...

ಮಣ್ಣು: ತೊಡೆ ತಟ್ಟೋಕೆ ಲಂಗೋಟಿ ಕಟ್ಟಬೇಕು ಕಣಪ್ಪ. ಗರಿಗರಿ ಪಂಚೆ ಮೇಲೆ ತಟ್ಟಿದ್ರೆ ಸದ್ದೇ ಬರಲ್ಲ. ಅದಕ್ಕೇ ಮೈಕು ಇಟ್ಕೋತಾರೆ.

ಎದುರಾಳಿಗೆ ಮಣ್ಣು ಮುಕ್ಕಿಸಿದರು ಅಂತಾರಲ್ಲ?

ಮಣ್ಣು: ಕುಸ್ತಿ ನೋಡದವರ ಮಾತು. ಬಾಯಿಗೆ ನಾನು ಹೋದ ಮಾತ್ರಕ್ಕೆ ಸೋಲಲ್ಲ. ಬೋರಲು ಬಿದ್ದವನು ನನ್ನನ್ನ ಕಚ್ಚಿ ಹಿಡಿದು ಮಲಗಿರ್ತಾನೆ, ಮಗುಚಿ ಹಾಕೋಕೆ ಮೇಲಿನವನು ಬೆವರು ಸುರಿಸ್ತಿರ್ತಾನೆ. ಬೆನ್ನು ನನಗೆ ತಾಗಿ ಮುಖ ಆಕಾಶ ನೋಡ್ತೋ, ಅಲ್ಲಿಗೆ ಚಿತ್.

ಹಾಗಾದರೆ ‘ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’?

ಮಣ್ಣು: (ಟ್ರೈಲರ್ ಅಲುಗುವಂತೆ ನಕ್ಕು) ಹೆಂಗಾದೀತು? ಅಂಗಾತ ಬಿದ್ದವನ ಮೀಸೆಗೆ ನಾನು ಹತ್ತೋದೇ ಇಲ್ಲ. ಮೀಸೆ ಚೊಕ್ಕವಾಗಿದೆ ಅಂದ್ರೆ ಸೋತಿದ್ದಕ್ಕೆ ಅದೇ ಸಾಕ್ಷಿ! ಫಲಿತಾಂಶದ ದಿನ ಟೀವಿಲಿ ಕೂತು ‘ಸೋತರೂ ನಮ್ಮ ಮತ ಜಾಸ್ತಿಯಾಗಿದೆ’ ಅಂತಾರಲ್ಲ, ಅವರ ಮೀಸೆ ನೋಡು, ಒಂದು ಕಣ ಧೂಳಿಲ್ಲ.

ನಿಮ್ಮ ಜಿಲ್ಲೆಯ ದೊಡ್ಡ ಜಟ್ಟಿ?

ಮಣ್ಣು: ದೇವೇಗೌಡರು 1989ರಲ್ಲಿ ಹೊಳೆನರಸೀಪುರದಲ್ಲಿ ಸೋತ್ರು, 1996ಕ್ಕೆ ಪ್ರಧಾನಿಯಾದ್ರು. 1999ರಲ್ಲಿ ಹಾಸನದಲ್ಲಿ ಮತ್ತೆ ಸೋಲು. ಎರಡು ಸಲವೂ ಎದುರಿಗಿದ್ದೋರು ಜಿ. ಪುಟ್ಟಸ್ವಾಮಿಗೌಡರೇ. 2004ರಲ್ಲಿ ಅದೇ ಹಾಸನದಿಂದ ಗೆದ್ದು ಹೋದ್ರು. ಬಿದ್ದದ್ದು ಬೋರಲೋ ಅಂಗಾತವೋ, ನೀನೇ ಹೇಳು.

ಈಗ ಕ್ರಿಕೆಟ್ ಮಾತೇ ಜಾಸ್ತಿ. ಗೂಗ್ಲಿ, ಸಿಕ್ಸರ್, ಹ್ಯಾಟ್ರಿಕ್...

ಮಣ್ಣು: 1858ರಲ್ಲಿ ಇಂಗ್ಲೆಂಡಿನ ಶೆಫೀಲ್ಡಲ್ಲಿ ಸ್ಟೀಫನ್‌ಸನ್ ಅನ್ನೋನು ಮೂರು ಎಸೆತಕ್ಕೆ ಮೂರು ವಿಕೆಟ್ ಕಿತ್ತ. ಚಂದಾ ಎತ್ತಿ ಹ್ಯಾಟ್ ಕೊಡಿಸಿದ್ರಂತೆ. ನಮ್ಮ ಶಿವಣ್ಣ ಮೊದಲ ಮೂರು ಸಿನಿಮಾ ಗೆದ್ದು ಹ್ಯಾಟಿಲ್ಲದೇನೇ ಹ್ಯಾಟ್ರಿಕ್ ಹೀರೋ ಆದ್ರು. ನನ್ನ ಹತ್ರ ಗೆದ್ದವನಿಗೆ ಗದೆ. ಪೇಟ ಮಾತ್ರ ಉದ್ಘಾಟನೆಗೆ ಬಂದವರ ತಲೆಗೇ ಹೋಗ್ತದೆ.

ನಿಮಗೆ ಇಷ್ಟವಾದ ಆಟದ ಮಾತು?

ಮಣ್ಣು: ‘ಆಟಕ್ಕುಂಟು ಲೆಕ್ಕಕ್ಕಿಲ್ಲ.’ ಅಳೋ ಪುಟ್ಟ ಮಗೂನ ಆಟಕ್ಕೆ ಸೇರಿಸ್ಕೊಂಡು, ಔಟಾದ್ರೂ ಔಟಿಲ್ಲ ಅಂತ ಬಿಡ್ತಾರಲ್ಲ, ಆ ಮಕ್ಕಳ ಮಾತು. ದೊಡ್ಡೋರೂ ಅದನ್ನೇ ಆಡ್ತಾರೆ. ಗ್ರಾಮಸಭೆಲಿ ಹೆಂಗಸರು ನೀರಿಲ್ಲ ಅಂತ ಗಂಟೆಗಟ್ಟಲೆ ಕೂಗ್ತಾರೆ. ನಡಾವಳಿ ಪುಸ್ತಕ ತೆಗೆದು ನೋಡು, ಅವರ ಸಹಿ ಇರ್ತದೆ, ನೀರಿನ ಮಾತೇ ಇರಲ್ಲ.