ಅನ್ನ ಕೇಳ್ತದಾ?

ಕೊಚ್ಚಿಯ ಇನ್ಫೋಪಾರ್ಕಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ನಮ್ಮ ಭಾವ ಕಾಸರಗೋಡು ಕಡೆಯವರು. ಯಾವುದನ್ನೂ ಎಸೆದು ಗೊತ್ತಿಲ್ಲ. ಕಾಕ್ಕನಾಡಿನ ಫ್ಲ್ಯಾಟಿನಲ್ಲಿ ಮಿಕ್ಸಿಯ ಜಾರು ಮೂರಿವೆ. ಮಿಕ್ಸಿ ಸುಟ್ಟು ಹೋಗಿ ಕಾಲವಾಯಿತು. ಅಕ್ಕ ಗೊಣಗಿದರೆ ಒಂದೇ ಉತ್ತರ: "ಇರಲಿ ಬಿಡು, ಅದೆಂತ ಅನ್ನ ಕೇಳ್ತದಾ?"

2025ರ ನವೆಂಬರಿಗಿಂತ ಮುಂಚೆಯೋ ಆಮೇಲೋ, ಅಂತೂ ಅವರ ಆಫೀಸಿನ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 13ನೇ ಆವೃತ್ತಿಯ ಐದು ವರ್ಷದ ಆಯುಷ್ಯ ತೀರಿದ ಹೊತ್ತಿಗೆ, ತಿರುವನಂತಪುರದಲ್ಲಿದ್ದ ನನಗೆ ಫೋನು ಬಂತು.

"ಹೋಯ್ತು ಮಾರಾಯಾ."

ನನ್ನ ಎದೆ ಧಸಕ್ಕೆಂದಿತು. ಟೆಕ್ನೋಪಾರ್ಕಿನಿಂದ ಎದ್ದು ಕಳಕ್ಕೂಟಂನಲ್ಲಿ ಯಾವ ರೈಲು ಸಿಕ್ಕೀತೆಂದು ಲೆಕ್ಕ ಹಾಕುತ್ತಲೇ ಕೇಳಿದೆ, "ಯಾರು ಭಾವ?"

"ಆಶ್ಚರ್ಯಸೂಚಕ!"

ಸಂಗತಿ ಇಷ್ಟು. ಪೋಸ್ಟ್‌ಗ್ರೆಸ್‌ನಲ್ಲಿ ಹಿಂದೆ 'ಸೆಲೆಕ್ಟ್ 5 !' ಎಂದು ಬರೆದರೆ ಐದರ ಫ್ಯಾಕ್ಟೋರಿಯಲ್ 120 ಬರುತ್ತಿತ್ತು. 2021ರ ಸೆಪ್ಟೆಂಬರ್ 30ರಂದು ಬಂದ 14ನೇ ಆವೃತ್ತಿ, ಸಂಖ್ಯೆಯ ಹಿಂದೆ ಬಾಲದಂತೆ ಅಂಟುವ ಈ ಜಾತಿಯ ಚಿಹ್ನೆಗಳನ್ನೇ ಕಿತ್ತುಹಾಕಿತು. ಭಾವ ನಾಲ್ಕು ವರ್ಷ ಅಪ್‌ಗ್ರೇಡು ಮುಂದೂಡಿದ್ದರು. ಹಾಗಂತ ಆ ಚಿಹ್ನೆಯನ್ನು ಬಳಸಿದ್ದು? ಒಮ್ಮೆ. ಆಫೀಸಿನ ಓಣಂ ಸದ್ಯದ ಊಟದಲ್ಲಿ ಹತ್ತು ಬಗೆಯನ್ನು ಎಷ್ಟು ಕ್ರಮದಲ್ಲಿ ಬಡಿಸಬಹುದೆಂದು ನೋಡಿದರಂತೆ: 36,28,800. ಬಡಿಸುವವರು ಉಪ್ಪಿನಕಾಯಿಯಿಂದಲೇ ಶುರುಮಾಡಿದರು.

"ಫ್ಯಾಕ್ಟೋರಿಯಲ್ ಎಂಬ ಫಂಕ್ಷನ್ ಇನ್ನೂ ಉಂಟಲ್ಲ ಭಾವ, ಆವರಣದಲ್ಲಿ 5 ಬರೆದರಾಯ್ತು."

"ಹಿಂದೆ ಬರುವುದೆಲ್ಲ ಬೇಡ ಅಂತ ಕನ್ನಡದ ವಿಭಕ್ತಿಯನ್ನೂ ತೆಗೀತಾರಾ? ನಾಳೆಯಿಂದ 'ಗೆ ಮನೆ ಹೋಗು' ಅಂತೀಯಾ?"

ಮುಂದಿನ ಭಾನುವಾರ ಖುದ್ದು ತಿರುವನಂತಪುರಕ್ಕೆ ಬಂದರು. ಪದ್ಮನಾಭಸ್ವಾಮಿ ದೇವಸ್ಥಾನದ ಸಾಲಿನಲ್ಲಿ ಮುಂಡು ಉಟ್ಟು ನಿಂತು ಕಿವಿಯಲ್ಲಿ ಹೇಳಿದರು, "2011ರಲ್ಲಿ ಇಲ್ಲಿಯ ಬೇರೆ ನೆಲಮಾಳಿಗೆ ತೆರೆದ್ರು, 'ಬಿ' ಅನ್ನುವುದನ್ನು ತೆರೆಯಲಿಲ್ಲ. ಉಪಯೋಗ ಇಲ್ಲ ಅಂತ ಮಣ್ಣು ತುಂಬಿದ್ರಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆದರೆ ಆ ಚಿಹ್ನೆ ಅನ್ನ ಕೇಳುತ್ತಿತ್ತು. 'ಸೆಲೆಕ್ಟ್ 5 !' ಆದಮೇಲೆ ಇನ್ನೊಂದು ಪದ ಬಂದರೆ ಅದು ಉತ್ತರಕ್ಕಿಟ್ಟ ಹೆಸರೋ, ಚಿಹ್ನೆಯ ಆಚೆಬದಿಯ ಲೆಕ್ಕವೋ? ಯಂತ್ರಕ್ಕೆ ಗೊಂದಲ. ಅದಕ್ಕಾಗಿ ಡೇಟಾಬೇಸಿನ ಭಾಷೆ ಎಸ್‌ಕ್ಯೂಎಲ್‌ನ ನೂರಾರು ಸ್ವಂತ ಪದಗಳನ್ನು ಕಾಲಮ್ಮಿನ ಹೆಸರಾಗಿಸಲು ನಡುವೆ 'ಆ್ಯಸ್' ಹಾಕಲೇಬೇಕಿತ್ತು. ಬಾಲ ಹೋಯಿತು, ಹೆಚ್ಚಿನ ಪದಗಳಿಗೆ ಆ ಕಟ್ಟಳೆಯೂ ಹೋಯಿತು. ಭಾವನಿಗೆ ಇದನ್ನೆಲ್ಲ ವಿವರಿಸಿದೆ. ಪಾಲ್ಪಾಯಸ ಕುಡಿಯುತ್ತ ತಲೆಯಾಡಿಸಿದರು, ಒಪ್ಪಿದ್ದು ಪಾಯಸಕ್ಕೆ.

ಕೊಚ್ಚಿಗೆ ಮರಳಿದವರೇ ಹೊಸ ಉಪಾಯ ಹೂಡಿದರು. ಸಂಖ್ಯೆಯ ಮುಂದೆ ನಿಲ್ಲುವ ಚಿಹ್ನೆಯನ್ನು ನಾವೇ ಮಾಡಿಕೊಳ್ಳಲು ಪೋಸ್ಟ್‌ಗ್ರೆಸ್ ಈಗಲೂ ಬಿಡುತ್ತದೆ. 'ಸೆಲೆಕ್ಟ್ ! 5' ಎಂದರೆ 120 ಬರುವಂತೆ ಮಾಡಿ, ಟೀಮಿನ ಹೊಸ ಹುಡುಗಿಯನ್ನು ಕರೆದು ತೋರಿಸಿದರು. ಬೇರೆ ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಆ ಚಿಹ್ನೆ ಮುಂದೆ ಬಂದರೆ 'ಅಲ್ಲ' ಎಂದೇ ಕಲಿತವಳು ಆಕೆ.

"ಚೇಟ್ಟಾ, ಐದು ಅಲ್ಲ, ಸರಿ. ಆದರೆ ನೂರಿಪ್ಪತ್ತೇ ಅಂತ ಹೇಗೆ ಗೊತ್ತಾಯ್ತು?"

ಆ ಚಿಹ್ನೆಯನ್ನು ತೆಗೆಯಬೇಕೆಂದು ಅವಳು ಅಂದೇ ಟಿಕೆಟ್ ಹಾಕಿದಳು. ಅದು ಭಾವನ ಪಟ್ಟಿಯಲ್ಲೇ ಇದೆ. ಅಳಿಸಿಲ್ಲ.